ಹಳದಿ ಸೀಮೆಸುಣ್ಣ

ಟೈರು ಕಾರ್ಖಾನೆಯಲ್ಲಿ ನನ್ನದು ಬೆರಳಿನ ಕೆಲಸ.
ಇನ್ನೂ ಬೆಚ್ಚಗಿರುವ ರಬ್ಬರಿನ ಒಳಮೈ ತಡವಿ
ಗುಳ್ಳೆಯೋ ಸೀಳೋ ಸಿಕ್ಕಲ್ಲಿ
ಹಳದಿ ಸೀಮೆಸುಣ್ಣದ ಸುತ್ತು ಹಾಕಿ ಪಕ್ಕಕ್ಕೆ ತಳ್ಳುವುದು.
ಹತ್ತೊಂಬತ್ತು ವರ್ಷವಾಯಿತು.
ಮನೆಗೆ ಬಂದರೂ ಬೆರಳು ಸುಮ್ಮನಿರುವುದಿಲ್ಲ:
ಎಡ ಮೊಣಕಾಲಿಗೊಂದು ಸುತ್ತು,
ಉಸಿರಿಗೊಂದು,
ನಲವತ್ತಾರರ ವಯಸ್ಸಿಗೆ ಎರಡು.

ಈ ಊರಿಗೆ ಈಗ ನಾಲಿಗೆ ಚಟಕ್ಕೆನ್ನುವ ನಮ್ಮ ಹೆಸರು.
ಅಮ್ಮನ ಕಾಲದಲ್ಲಿ ರಾಣಿಯೊಬ್ಬಳ ಹೆಸರಿನಂಥದು,
ಮರಳಿನ ಮೇಲೊಂದು ಬೋರ್ಡು: ಬಿಳಿಯರಿಗೆ ಮಾತ್ರ.
ಬೋರ್ಡು ಕಿತ್ತು ಎಷ್ಟೋ ಕಾಲವಾಯಿತು.
ಅಮ್ಮನ ಕಾಲು ಮಾತ್ರ ಅಲ್ಲೇ ತಡೆಯುತ್ತದೆ,
ಕಂಬದ ಗುಂಡಿ ಅವಳಿಗಷ್ಟೇ ಕಾಣುವಂತೆ.
"ನಮ್ಮ ಮೂಳೆ ಭಾರ ಝೊಲೆಕಾ, ಮುಳುಗುತ್ತದೆ."
ನಂಬಿದ್ದೆ.
ಮುಳುಗದೆ ತೇಲುತ್ತಿದ್ದದ್ದು ಆ ನಂಬಿಕೆ ಒಂದೇ.

ನಲವತ್ತೊಂದರಲ್ಲಿ ಮುನಿಸಿಪಾಲಿಟಿಯ ಕೊಳಕ್ಕಿಳಿದೆ.
ಪ್ಲಾಕೀಸ್ ಮಾಸ್ತರು, ಒಂದು ಕಿವಿ ಕೇಳದ ಮುದುಕ.
ಆಗುವುದಿಲ್ಲ ಎಂದೆ.
ಕೇಳದ ಕಿವಿಯನ್ನೇ ನನ್ನತ್ತ ತಿರುಗಿಸಿ ನಿಂತ.
ಮೊದಲ ತಿಂಗಳು ಮುಖ ನೀರಿಗಿಟ್ಟು
ಗುಳುಗುಳು ಊದುವುದಷ್ಟೇ ಪಾಠ,
ಪಕ್ಕದಲ್ಲಿ ಆರು ವರ್ಷದ ಮಕ್ಕಳು, ನನಗಿಂತ ಮುಂದೆ.

ಚೀಟಿ ಎತ್ತಿದ ದುಡ್ಡಲ್ಲಿ ಹಳೇ ಸೈಕಲ್ಲು ತಂದೆ.
ಫ್ರಿಜ್ಜು ಬರುತ್ತದೆಂದು ನೋಡಲು ಬಂದ ಹೆಂಗಸರು
ಬಾಯಿಗೆ ಕೈ ಇಟ್ಟುಕೊಂಡು ಹೋದರು.
ರಾತ್ರಿಪಾಳಿ ಮುಗಿಸಿ, ಹೊತ್ತು ಹುಟ್ಟುವ ಮೊದಲೇ
ಎದುರುಗಾಳಿಗೆ ತಲೆ ಬಗ್ಗಿಸಿ
ಹೋದದ್ದಕ್ಕಿಂತ ಹಿಂದೆ ಬಂದದ್ದೇ ಹೆಚ್ಚೇನೋ.
ಹೆಸರು ನೋಂದಾಯಿಸಿದ ರಾತ್ರಿ
ವಾಂತಿ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಈಜು: ಮೂರೂ ಮುಕ್ಕಾಲು ಕಿಲೋಮೀಟರು, ಮೇಲೆ ಐವತ್ತು ಮೀಟರು.
ಎರಡನೇ ತೇಲುಗುಂಡಿನ ಹತ್ತಿರ
ಯಾರದೋ ಹಿಮ್ಮಡಿ ಕನ್ನಡಕಕ್ಕೆ ಬಡಿದು
ಅಲ್ಗೋವಾ ಕೊಲ್ಲಿ ಅಷ್ಟೂ ಮೂಗಿನೊಳಗೆ.
ಅಂಗಾತ ತಿರುಗಿ ಆಕಾಶ ನೋಡಿದೆ.
ದೋಣಿಯ ಹುಡುಗ ಹತ್ತಿರ ಬಂದ:
"ಸಾಕಾ ಅಮ್ಮಾ? ಹತ್ತುತ್ತೀರಾ?"
"ಇಲ್ಲ, ಬೈಯುತ್ತಿದ್ದೇನೆ."
"ಯಾರಿಗೆ?"
"ನನಗೇ. ಮುಗಿಯಲಿ, ಹೋಗುತ್ತೇನೆ."
ಹುಟ್ಟು ಅಡ್ಡ ಇಟ್ಟುಕೊಂಡು ಅವನು ಕಾದ.

ನೂರಾ ಎಂಬತ್ತು ಕಿಲೋಮೀಟರು ಸೈಕಲ್ಲು. ನೂರಾ ಹನ್ನೆರಡರಲ್ಲಿ ಪಂಕ್ಚರು.
ರಸ್ತೆಬದಿ ಕೂತು ಟೈರು ಬಿಚ್ಚಿ
ಒಳಮೈಗೆ ಬೆರಳಿಟ್ಟೆ,
ಆ ಬೆರಳೇ, ಹತ್ತೊಂಬತ್ತು ವರ್ಷದ್ದು,
ಮನೆತನಕ ಬಂದು ನನ್ನನ್ನು ತಡವುತ್ತಿದ್ದದ್ದು.
ಅರ್ಧ ಸುತ್ತಿನಲ್ಲೇ ಸಿಕ್ಕಿತು ಮುಳ್ಳು,
ಅಕ್ಕಿಕಾಳಿನಷ್ಟೂ ಇಲ್ಲ.
ಕಿತ್ತು ಎಸೆದೆ.
ಸುತ್ತು ಹಾಕಲು ಸೀಮೆಸುಣ್ಣ ಇರಲಿಲ್ಲ.
ಪಕ್ಕಕ್ಕೆ ತಳ್ಳಲು ಬೇರೆ ಚಕ್ರವೂ ಇರಲಿಲ್ಲ.

ಆಮೇಲೆ ಓಟ. ಓಟ ಎಂದು ಬರೆಯುವುದೂ ಉಬ್ಬಿಸಿದ ಮಾತೇ.
ಕಡಲಂಚಿನ ದಾರಿಯಲ್ಲಿ ನಾಲ್ಕು ಸುತ್ತು.
ಮೊದಲ ಸುತ್ತಿನಲ್ಲಿ ಅಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿ
ಕಂಬವಿದ್ದ ಜಾಗದ ಈಚೆ ಕೂತಿದ್ದಳು,
ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಅಮಗ್ವಿನ್ಯಾ,
ಎಣ್ಣೆಯಲ್ಲಿ ಆಗತಾನೆ ಕರಿದು ತಂದ ಉಂಡೆಗಳು.
ನೋಡಲು ಬಂದವರ ಕೈಯಿಂದ ತಿನ್ನುವಂತಿಲ್ಲ, ನಿಯಮ.
ವಾಸನೆಯನ್ನೇ ಉಂಡು ಮುಂದೆ ಹೋದೆ.
ಎರಡನೇ ಸುತ್ತು: ಕುರ್ಚಿ ಕಂಬದ ಆಚೆ.
ಕಣ್ಣು ಮಂಜೇನೋ ಎಂದುಕೊಂಡೆ.
ಮೂರನೆಯದು: ಕುರ್ಚಿಯ ಮುಂಗಾಲು ಒದ್ದೆ ಮರಳಲ್ಲಿ.
ಯಾರದೋ ಹೆಂಡತಿ ಯಾರಿಗೋ ಕೂಗುತ್ತಿದ್ದಳು,
ನನಗೇ ಎಂದು ಇಟ್ಟುಕೊಂಡೆ.

ನಾಲ್ಕನೆಯದರಲ್ಲಿ ಕುರ್ಚಿ ಖಾಲಿ.
ಎದೆ ಧಸಕ್ಕೆಂದಿತು.
ಹದಿನಾರೂವರೆ ಗಂಟೆ ಕಳೆದಿತ್ತು, ಹದಿನೇಳಕ್ಕೆ ಬಾಗಿಲು ಮುಚ್ಚುತ್ತಾರೆ,
ಇನ್ನೂ ಎರಡು ಕಿಲೋಮೀಟರು.
ಆದೀತೇ?
ಆಗ ಕತ್ತಲೊಳಗಿಂದ,
ಚಪ್ಪಲಿ ಕೈಯಲ್ಲಿ, ಲಂಗ ಮೊಣಕಾಲಿಗೆತ್ತಿ,
ಅಲೆ ಮೀನಖಂಡಕ್ಕೆ ಬಡಿಯುವಲ್ಲಿ ನಿಂತು,
ನನ್ನ ಓಟದ ಬಗ್ಗೆ ಒಂದೂ ಮಾತಿಲ್ಲದೆ
ಎಪ್ಪತ್ತೊಂದು ವರ್ಷದ ನನ್ನಮ್ಮ ಕೂಗಿದಳು:

"ಝೊಲೆಕಾ! ತಣ್ಣಗಿದೆ ಕಣೇ!"